ಬಾಚಣಿಗೆ ಗುರುತು

ಜೂನ್ 4

ಅಮ್ಮನಿಗೆ, ಅಜ್ಜಿಗೆ,

ನನಗೆ ಕೆಮ್ಮು ಬಿಟ್ಟರೆ ಇಲ್ಲಿ ಬೇರೆ ಕೊರತೆ ಇಲ್ಲ. ಅಜ್ಜಿಗೆ ಮಂಡಿನೋವು ಬಿಟ್ಟರೆ ಅಲ್ಲೂ ಬೇರೆ ಕೊರತೆ ಇಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಬಿಟ್ಟವಳ ಅಕ್ಷರ. ತಪ್ಪಿದ್ದರೆ ಅಮ್ಮ ಸರಿಮಾಡಿಕೊಂಡು ಓದು, ಮಧ್ಯೆ ನಗಬೇಡ.

ಆಸ್ಪತ್ರೆಯ ಲಾಂಡ್ರಿಗೆ ಸೇರಿ ಐದು ತಿಂಗಳಾಯಿತು. ಅಜ್ಜಿ, ನೀನು ಇಪ್ಪತ್ತೆಂಟು ವರ್ಷ ನಿಂತ ಮೇಜಿನ ಹತ್ತಿರವೇ ನಾನೂ ನಿಲ್ಲುತ್ತೇನೆ. ಬಿಳಿಯರ ಕಾಲದಲ್ಲಿ ಅಲ್ಲಿ ಸಿಪಾಯಿಗಳ ಬಟ್ಟೆ ಬರುತ್ತಿತ್ತು, ಈಗ ರೋಗಿಗಳ ಬಟ್ಟೆ ಬರುತ್ತದೆ. ಮಿಕ್ಕಿದ್ದೆಲ್ಲ ನೀನು ಹೇಳಿದ ಹಾಗೇ ಇದೆ. ಅದೇ ಹಬೆ, ಅದೇ ಸೋಡಾ ವಾಸನೆ, ಮಧ್ಯಾಹ್ನದ ಹೊತ್ತಿಗೆ ಅದೇ ಕಾಲುನೋವು. ಬೆಳಿಗ್ಗೆ ಒಣಗಿದ ಬಟ್ಟೆಯ ರಾಶಿ ತಂದು ಸುರಿಯುತ್ತಾರೆ. ವಿಂಗಡಿಸುವವಳು ಒಂದೊಂದರ ಮೂಲೆ ಎತ್ತಿ ಹಿಡಿದು "ಯಾರದು?" ಅನ್ನುತ್ತಾಳೆ. ನಾನು ಕೆಂಪು ನೂಲಿನ ಗುರುತು ನೋಡಿ "ಮೂಳೆ ವಾರ್ಡು", "ಮಕ್ಕಳ ವಾರ್ಡು" ಎಂದು ಕೂಗಬೇಕು. ಅವಳು ಆ ರಾಶಿಗೆ ಎಸೆಯುತ್ತಾಳೆ. ಹರಿದ ಗುರುತನ್ನು ಮಧ್ಯಾಹ್ನ ಕೂತು ಹೊಲಿಯುವುದೂ ನನ್ನದೇ ಕೆಲಸ. ಹೊಲಿಗೆ ಚೆನ್ನಾಗಿದೆ ಅನ್ನುತ್ತಾರೆ. ಕೂಗುವುದೇ ಕಷ್ಟ. ಅಷ್ಟು ಜನರ ಮುಂದೆ ದನಿ ಏಳುವುದಿಲ್ಲ. ನನಗೆ ಇಲ್ಲಿ ಸೊಳ್ಳೆ ಅಂತ ಹೆಸರಿಟ್ಟಿದ್ದಾರೆ. "ಸೊಳ್ಳೆ, ಕಿವಿ ಹತ್ತಿರ ಬಂದು ಹೇಳಿ ಹೋಗೇ" ಅಂತ ವಿಂಗಡಿಸುವವಳು ದಿನಾ ನಗಿಸುತ್ತಾಳೆ. ನಾನೂ ನಗುತ್ತೇನೆ, ಇನ್ನೇನು ಮಾಡಲಿ.

ಈಗ ಬರೆಯುತ್ತಿರುವುದಕ್ಕೆ ಒಂದು ಕಾರಣವಿದೆ. ಹಿತ್ತಲಿನ ಹಳೆ ಷೆಡ್ಡು ಕೆಡವಿ ಹೊಸ ವಾರ್ಡು ಕಟ್ಟುತ್ತಾರಂತೆ. ಅಲ್ಲಿದ್ದ ಮುರಿದ ಮಂಚಗಳನ್ನು ಹೊರಗೆ ಹಾಕುವಾಗ ಗೋಡೆಯುದ್ದಕ್ಕೂ ಆರು ಒಗೆಯುವ ಕಲ್ಲುಗಳು ಕಂಡವು. ಪ್ರತಿ ಕಲ್ಲಿನ ಮೂಲೆಯಲ್ಲಿ ಒಂದು ಗುರುತು ಕೊರೆದಿದ್ದಾರೆ. ಮೊದಲನೆಯದು ಎರಡು ಗೆರೆ, ಒಂದು ಚುಕ್ಕಿ. ಆಮೇಲೆ ಮೀನು, ಏಣಿ, ಬಾಗಿಲು, ಅರ್ಧ ಚಂದ್ರ. ಕೊನೆಯದು ಬಾಚಣಿಗೆ, ಮೂರೇ ಹಲ್ಲಿನದು. ನಿನ್ನ ಜೊತೆಯವರದ್ದೇ ಇರಬೇಕು ಅಲ್ಲವಾ ಅಜ್ಜಿ? ಆಗ ಒಬ್ಬೊಬ್ಬ ಒಗೆಯುವವಳಿಗೆ ಒಂದೊಂದು ಗುರುತು ಇತ್ತು, ಅವಳ ಪಾಲಿನ ಬಟ್ಟೆಗೆ ಅದನ್ನು ಹೊಲಿದು, ಅದನ್ನೇ ನೋಡಿ ಅವಳ ಹೆಸರು ಕೂಗುತ್ತಿದ್ದೆ, ಎಲ್ಲಾ ನನ್ನ ತಲೆಯಲ್ಲೇ ಇತ್ತು ಅನ್ನುತ್ತಿದ್ದೆ. ಓದಿ ಹೇಳು. ಕಲ್ಲು ಒಡೆಯುವ ಮೊದಲು ನನಗೆ ಗೊತ್ತಾಗಬೇಕು.

ನಿಮ್ಮ,
ಗುಬ್ಬಿ


ಜೂನ್ 15

ಗುಬ್ಬಿಗೆ,

ನಿನ್ನ ಕಾಗದ ಅಜ್ಜಿಗೆ ಎರಡು ಸಲ ಓದಿದೆ. ಎರಡನೇ ಸಲಕ್ಕೆ ಕನ್ನಡಕ ಹಾಕಿಕೊಂಡು ಕೂತರು, ಅಕ್ಷರ ಬಾರದವರಿಗೆ ಕನ್ನಡಕ ಯಾತಕ್ಕೆ ಅಂದರೆ "ಕೇಳೋಕೆ" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ಬಟನ್ ಕಾಜಾ ಮಾಡುವ ಕೈ ಇದು, ಬರೆದು ಅಭ್ಯಾಸ ತಪ್ಪಿದೆ.

"ಗುಬ್ಬೀ, ಎರಡು ಗೆರೆ ಒಂದು ಚುಕ್ಕಿ ಅಂದ್ರೆ ಗೊಣಗೋಳು. ನೀರು ಬಿಸಿಯಾದ್ರೂ ಗೊಣಗು, ತಣ್ಣಗಾದ್ರೂ ಗೊಣಗು. ಗಂಡ ಸತ್ತ ಮೂರನೇ ದಿನ ಕೆಲಸಕ್ಕೆ ಬಂದು, 'ಹೋದ, ಇನ್ನು ಮನೇಲಿ ಒಂದಂಗಿ ಒಗೆಯೋದು ತಪ್ತು' ಅಂದ್ಲು. ಆಮೇಲೆ ತೊಟ್ಟಿ ಹತ್ತಿರ ಮುಖ ತೊಳೀತಾನೇ ಇದ್ಲು, ಸಂಜೆ ತನಕ. ಮೀನು ಇನ್ನೂ ಚಿಕ್ಕ ಹುಡುಗಿ. ಸೋಡಾ ಅವಳ ಬೆರಳ ಸಂದಿಯೆಲ್ಲಾ ತಿಂದುಬಿಟ್ಟಿತ್ತು, ಊಟದ ಹೊತ್ತಿಗೆ ಯಾರಾದ್ರೂ ಒಬ್ಬರು ಅವಳಿಗೆ ತಿನ್ನಿಸ್ತಿದ್ವಿ. ಏಣಿ ಭಾರಿ ನಗಿಸೋಳು. ದೊರೆಸಾನಿ ಹ್ಯಾಗೆ ನಡೀತಾಳೆ, ದೊರೆ ಹ್ಯಾಗೆ ಮೂಗು ಮುಚ್ಕೋತಾನೆ, ಎಲ್ಲಾ ಮಾಡಿ ತೋರಿಸೋಳು. ಒಂದು ಸಲ ದೊರೆ ಹಿಂದೇನೇ ನಿಂತಿದ್ದ.

"ಬಾಗಿಲು ಗುರುತಿನೋಳು ದೊರೆ ಬಂಗಲೆಗೆ ಇಸ್ತ್ರಿ ಬಟ್ಟೆ ಒಯ್ಯೋಳು. ಒಂದು ದಿನ, ಇನ್ನು ಹೋಗಲ್ಲ ಅಂದ್ಲು. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳೋದೇನಿತ್ತು? ಅವತ್ತಿಂದ ಇಬ್ಬಿಬ್ಬರು ಸೇರಿ ಹೋಗೋದು ಅಂತ ಮಾಡ್ಕೊಂಡ್ವಿ. ಒಂದು ಬುಟ್ಟಿಗೆ ಇಬ್ಬರು ಯಾತಕ್ಕೆ ಅಂತ ಮೇಸ್ತ್ರಿ ಬೈದ. ಬುಟ್ಟಿ ಭಾರ ಸ್ವಾಮಿ ಅಂದ್ವಿ. ಅರ್ಧ ಚಂದ್ರ ಅಂದ್ರೆ ನಿಮ್ಮಲ್ಲಿ ಬಾಯ್ಲರ್ ನೋಡ್ಕೊಳ್ಳೋ ಬಾಯ್ಲರ್ ಅಕ್ಕನ ತಾಯಿ. ಕೇಳು ಬೇಕಾದ್ರೆ.

"ಕೊನೇದು ನಂಗೊತ್ತಿಲ್ಲ. ನನ್ನ ಕಾಲದ್ದಲ್ಲ."

ಇಷ್ಟು ಅಜ್ಜಿಯದು. ಇನ್ನು ನನ್ನದು: ಕೊನೆಯದನ್ನು ನಾನು ಇನ್ನೊಂದು ಸಲ ಕೇಳಿದೆ. ಎದ್ದು ಹೋಗಿ ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಚಿಟ್ಟರು. ಇನ್ನೂ ಒದ್ದೆಯಿತ್ತು.

ಕೆಮ್ಮಿಗೆ ಬಿಸಿನೀರು ಕುಡಿ. ಸೊಳ್ಳೆ ಅಂದವಳ ಹೆಸರು ಕಳಿಸು, ನಾನು ಕಾಗದ ಬರೆಯುತ್ತೇನೆ.

ನಿನ್ನ ಅಮ್ಮ


ಜೂನ್ 28

ಅಮ್ಮನಿಗೆ, ಅಜ್ಜಿಗೆ,

ಐದು ಜನರ ಕಥೆಯನ್ನು ಲಾಂಡ್ರಿಯಲ್ಲಿ ಓದಿದೆ. ಓದಿದೆ ಅಂದರೆ, ನಾನು ಕಾಗದ ಕೊಟ್ಟೆ, ವಿಂಗಡಿಸುವವಳು ಗಟ್ಟಿಯಾಗಿ ಓದಿದಳು. ಏಣಿಯ ಹಿಂದೆ ದೊರೆ ನಿಂತಿದ್ದ ಅಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಿನವಳದು ಬಂದಾಗ ಎಲ್ಲರೂ ಬಟ್ಟೆ ಮಡಚುವುದಕ್ಕೆ ಶುರುಮಾಡಿದರು. ಬಾಯ್ಲರ್ ಅಕ್ಕ ಮಾತ್ರ, "ಬುಟ್ಟಿ ಈಗಲೂ ಭಾರವೇ" ಅಂದಳು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಬಾಚಣಿಗೆ ಯಾರು ಅಂತ ನಿಮ್ಮಜ್ಜಿ ಹೇಳಲಿಲ್ವಾ?"

"ಗೊತ್ತಿಲ್ಲ ಅಂದ್ರು."

"ಗೊತ್ತಿಲ್ವಾ! ಗುರುತು ಹೊಲಿದೋರೇ ಅವರು. ಕೋಟಿನವಳು ಅಂತ ಒಬ್ಬಳಿದ್ದಳು ಕಣೇ. ನಮ್ಮಮ್ಮ ಹೇಳ್ತಿದ್ಲು. ಇಲ್ಲಿಂದ ಜೈಲಿಗೆ ಹೋದೋಳು ಅವಳೊಬ್ಬಳೇ. ಒಂದು ಕೋಟಿನ ವಿಷಯಕ್ಕೆ. ಹೆಸರು ಮಾತ್ರ ನಮ್ಮಮ್ಮನಿಗೂ ನೆನಪಿರಲಿಲ್ಲ, ಎಲ್ಲಾರೂ ಕೋಟಿನವಳು ಅಂತಲೇ ಅನ್ನೋರಂತೆ."

ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಆಸ್ಪತ್ರೆಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದಾರೆ. ಹೊಸ ವಾರ್ಡಿನ ಮುಂದೆ ಒಂದು ಕಲ್ಲು ನಿಲ್ಲಿಸುತ್ತಾರಂತೆ. ಬಿಳಿಯರ ಸಿಪಾಯಿಗಳು ಎದುರಿನ ಗಲ್ಲಿಯಲ್ಲಿ ಗುಂಡು ಹಾರಿಸಿದ ದಿನ ಸತ್ತವರ ಹೆಸರು, ಆ ಕಾರಣಕ್ಕೆ ಜೈಲಿಗೆ ಹೋದವರ ಹೆಸರು ಅದರ ಮೇಲೆ ಕೆತ್ತಿಸುತ್ತಾರೆ. ಕಣ್ಣಾರೆ ಕಂಡವರು ಯಾರಾದರೂ ಬರೆದುಕೊಟ್ಟರೆ ಸೇರಿಸುತ್ತಾರೆ. ಆಗಸ್ಟ್ ಮೂವತ್ತೊಂದು ಕೊನೆಯ ದಿನ. ಈಗಿರುವ ಪಟ್ಟಿಯನ್ನು ನೋಡಿದೆ. ಒಂದೂ ಹೆಂಗಸಿನ ಹೆಸರಿಲ್ಲ.

ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ನೀನೊಬ್ಬಳೇ ಅಜ್ಜಿ. ಕೋಟಿನವಳಿಗೆ ಮನೆಯವರು ಯಾರೂ ಇರಲಿಲ್ಲವಂತೆ. ನೀನು ಹೇಳದಿದ್ದರೆ ಅವಳ ಹೆಸರು ಹೇಳುವವರು ಇನ್ನಿಲ್ಲ. ಅವಳು ಯಾರು? ಆ ಕೋಟು ಯಾವುದು?

ನಿಮ್ಮ,
ಗುಬ್ಬಿ


ಜುಲೈ 9

ಗುಬ್ಬಿಗೆ,

ಈ ಸಲ ನಾನೊಬ್ಬಳೇ ಬರೆಯುತ್ತಿದ್ದೇನೆ. ಆ ವಿಷಯ ಇನ್ನು ಬರೆಯಬೇಡ. ನಿನ್ನ ಕಾಗದ ಓದಿ ಮುಗಿಸುವ ಮೊದಲೇ ಅಜ್ಜಿ ನನ್ನ ಕೈಯಿಂದ ಕಿತ್ತುಕೊಂಡು ದಿಂಬಿನ ಕೆಳಗೆ ಇಟ್ಟರು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕಲ್ಲಿಗೆ ಹೆಸರು ಬೇಕಾದರೆ ಕಲ್ಲಿನವರೇ ಹುಡುಕಿಕೊಳ್ಳಲಿ.

ನಾನು ಕೂತು ಕಾಜಾ ಮಾಡುವಾಗ ಒಂದು ವಿಷಯ ನೆನಪಾಯಿತು. ಚಿಕ್ಕವಳಿದ್ದಾಗ ಒಂದು ದಿನ ಬಾಗಿಲಲ್ಲಿ ಬಿದ್ದಿದ್ದ ಕೊಡೆ ಎತ್ತಿ ಹಿಡಿದು "ಇದು ಯಾರದು?" ಅಂತ ಕೇಳಿದ್ದೆ. ಅಜ್ಜಿ ಬಂದು ಕೆನ್ನೆಗೆ ಹೊಡೆದರು. ನನಗೆ ಅವರ ಕೈಯಿಂದ ಬಿದ್ದ ಏಟು ಅದೊಂದೇ. ಆಮೇಲೆ ಅವರೇ ಅತ್ತರು. ನಮ್ಮ ಮನೆಯಲ್ಲಿ ಯಾರದು ಅಂತ ಕೇಳುವ ಹಾಗೇ ಇರಲಿಲ್ಲ. ಬೇರೆಯವರ ಮನೆಯಲ್ಲೂ ಹೀಗೇ ಅಂತ ನಾನು ಅಂದುಕೊಂಡಿದ್ದೆ.

ನನಗೆ ಸುಸ್ತಾಗಿದೆ. ಮಳೆಗಾಲದ ಅಂಗಿಗಳೆಲ್ಲ ಒಟ್ಟಿಗೆ ಬಂದಿವೆ.

ನಿನ್ನ ಅಮ್ಮ


ಜುಲೈ 20

ಅಮ್ಮನಿಗೆ,

ತಪ್ಪಾಯಿತು. ಇನ್ನು ಕೇಳುವುದಿಲ್ಲ. ಅಜ್ಜಿಗೂ ಹೇಳು.

ನಿನ್ನೆ ಕಲ್ಲುಗಳನ್ನು ಒಡೆದು ಅಡಿಪಾಯಕ್ಕೆ ತುಂಬಿದರು. ಗೊಣಗುವವಳು ಮೊದಲು ಹೋದಳು, ಆಮೇಲೆ ಮೀನು. ಬಾಯ್ಲರ್ ಅಕ್ಕ ಸುತ್ತಿಗೆಯವರ ಮುಂದೆ ಹೋಗಿ ಬಾಚಣಿಗೆ ಕಲ್ಲಿನ ಮೇಲೆ ಕೂತುಬಿಟ್ಟಳು. "ಏಳಮ್ಮ" ಅಂದರೆ, "ಸೊಂಟ ಹಿಡ್ಕೊಂಡಿದೆ, ಏಳೋಕಾಗಲ್ಲ, ನನ್ನನ್ನೂ ಸೇರಿಸಿ ಒಡೀರಿ" ಅಂದಳು. ಅವರು ನಕ್ಕು ಬಿಟ್ಟುಬಿಟ್ಟರು. ಈಗ ಅದು ಬಾಯ್ಲರ್ ಹತ್ತಿರ ಇದೆ, ಅವಳು ಅದರ ಮೇಲೆ ಕೂತು ಚಹಾ ಕುಡಿಯುತ್ತಾಳೆ.

ನನಗೂ ಸುಸ್ತು ಅಮ್ಮ. ಬೆಳಿಗ್ಗೆ ನಿಂತವಳು ಸಂಜೆ ಕೂರುವ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸುತ್ತದೆ. ಲಾಂಡ್ರಿ ನೋಡಿಕೊಳ್ಳುವ ಮೇಡಂ ನಿನ್ನೆ ನನ್ನನ್ನು ಕರೆದು, ದನಿ ಜೋರು ಮಾಡದಿದ್ದರೆ ಇಸ್ತ್ರಿಗೆ ಹಾಕುತ್ತೇನೆ ಅಂದರು. ಇಸ್ತ್ರಿ ಮಾಡುವಾಗ ಮಾತಾಡಬೇಕಾಗಿಲ್ಲ. ಹೋಗಲಾ ಅಂತಲೂ ಯೋಚಿಸುತ್ತಿದ್ದೇನೆ. ಆದರೆ ಅದು ಅಜ್ಜಿಯ ಮೇಜು.

ಕೊನೆಯ ದಿನ ಆಗಸ್ಟ್ ಮೂವತ್ತೊಂದು. ಇದನ್ನು ಕೇಳುವುದಕ್ಕೆ ಬರೆದಿಲ್ಲ. ಸುಮ್ಮನೆ ಬರೆದೆ.

ನಿನ್ನ,
ಗುಬ್ಬಿ


ಆಗಸ್ಟ್ 17

ಗುಬ್ಬಿಗೆ,

ಅಜ್ಜಿ ಇವತ್ತು ಬೆಳಿಗ್ಗೆ ಎದ್ದವರೇ "ಪೆನ್ನು ತಗೋ" ಅಂದರು. ಒಂದು ಮಾತನ್ನೂ ಬಿಡದೆ ಬರೆದಿದ್ದೇನೆ.

"ಬರಿ. ಮಧ್ಯೆ ನಿಲ್ಲಿಸಬೇಡ. ನಿಲ್ಲಿಸಿದ್ರೆ ನಾನು ಮತ್ತೆ ಶುರು ಮಾಡಲ್ಲ.

"ಗುಬ್ಬೀ, ಗಲ್ಲೀಲಿ ಗುಂಡು ಹಾರಿದಾಗ ನಾವು ಒಳಗೆ ತೊಟ್ಟಿ ಹತ್ತಿರ ಇದ್ವಿ. ಶಬ್ದ ಕೇಳಿಸ್ತು. ಹೊರಗೆ ಹೋಗೋಕೆ ಬಿಡಲಿಲ್ಲ. ಮಾರನೇ ದಿನ ಸಿಪಾಯಿಗಳ ಕೋಟು ಬಂತು, ಎರಡು ಗಾಡಿ. ತೋಳಿನ ತುದೀಲಿ ರಕ್ತ, ಗುಂಡಿಗಳ ಸಂದೀಲಿ ರಕ್ತ. ಯಾರೂ ಮುಟ್ಟಲಿಲ್ಲ. ಅದು ನಮ್ಮೋರ ರಕ್ತ, ಒಬ್ಬಳ ತಮ್ಮನದ್ದೋ ಇನ್ನೊಬ್ಬಳ ಮಾವನದ್ದೋ, ಯಾರಿಗೆ ಗೊತ್ತು? ಮೇಸ್ತ್ರಿ ಕಿರುಚಿದ. ಕೊನೆಗೆ ನಾನೇ ಹೇಳ್ದೆ, ಬಿಸಿನೀರು ಹಾಕಬೇಡಿ, ರಕ್ತ ಕಚ್ಕೊಳ್ಳುತ್ತೆ, ತಣ್ಣೀರಲ್ಲಿ ನೆನೆಸಿ ಅಂತ. ಎಂಥಾ ಹೊತ್ತಲ್ಲಿ ಎಂಥಾ ಬುದ್ಧಿ ನೋಡು ನಂದು.

"ಬಾಚಣಿಗೆಯೋಳು ನೆನೆಸಲಿಲ್ಲ. ಅವಳಿಗೆ ಮೊಣಕಾಲು ತನಕ ಕೂದಲು. ಕೆಲಸ ಮಾಡುವಾಗ ಕಟ್ಟಿ, ಮೇಲೆ ಬಾಚಣಿಗೆ ಸಿಕ್ಕಿಸ್ಕೊಳ್ಳೋಳು. ಅದಕ್ಕೇ ನಾನು ಆ ಗುರುತು ಕೊಟ್ಟದ್ದು. ಅವಳಂದ್ಲು, 'ದೂರದ ಸೇತುವೆ ಮೇಲಿಂದ ಹೊಡೆದ್ವಿ ಅಂತ ಸಿಪಾಯಿಗಳು ಹೇಳ್ತಿದಾರಂತೆ. ವಿಚಾರಣೆಗೆ ದೊಡ್ಡ ಜಡ್ಜಿ ಬರ್ತಾನಂತೆ. ದೂರದಿಂದ ಹೊಡೆದ್ರೆ ತೋಳಿಗೆ ಇಷ್ಟು ರಕ್ತ ಹ್ಯಾಗೆ ಹಾರುತ್ತೆ? ಒಂದನ್ನ ಒಗೆಯದೆ ಇಡೋಣ. ತೋರಿಸೋಣ.' ನಾವ್ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳೇ ಒಂದು ಕೋಟು ಇಟ್ಕೊಂಡ್ಲು. ತಾನು ನಡುವಿಗೆ ಕಟ್ಕೊಳ್ಳೋ, ಮೂಲೇಲಿ ಬಾಚಣಿಗೆ ಗುರುತಿದ್ದ ಬಟ್ಟೇಲಿ ಸುತ್ತಿ, ಕಲ್ಲಿದ್ದಲಿನ ರಾಶೀಲಿ ಹೂತಿಟ್ಲು.

"ಒಂದು ಕೋಟು ಕಡಿಮೆ ಬಂತಲ್ಲ. ಮೂರನೇ ದಿನ ಹುಡುಕಿ ತೆಗೆದ್ರು. ನಮ್ಮನ್ನೆಲ್ಲಾ ಕರೆಯಲಿಲ್ಲ, ಸಾಲಾಗಿ ನಿಲ್ಲಿಸಲಿಲ್ಲ. ನಾವು ನಮ್ಮ ನಮ್ಮ ಕೆಲಸ ಮಾಡ್ತಾನೇ ಇದ್ವಿ. ದೊರೆ ಆ ಗಂಟು ತಂದು ನನ್ನ ಮೇಜಿನ ಮೇಲೆ ಹಾಕಿದ. ನೀನೀಗ ನಿಂತ್ಕೊಳ್ಳೋ ಮೇಜು. ಸುತ್ತಿದ ಬಟ್ಟೆ ಬಿಚ್ಚಿ, ಮೂಲೆ ಎತ್ತಿ ಹಿಡಿದ. ನಮ್ಮ ಭಾಷೇಲಿ ಅವನಿಗೆ ಬರ್ತಿದ್ದದ್ದು ನಾಲ್ಕೇ ಮಾತು. ಅದರಲ್ಲಿ ಒಂದು ಅಂದ.

"ಯಾರದು?

"ನಾನು ಹೆಸರು ಕೂಗಿಬಿಟ್ಟೆ.

"ಹೊಡೆದ್ರಾ ಅಂತ ಕೇಳ್ತೀಯ. ಒಂದೇಟು ಬೀಳಲಿಲ್ಲ. ಬೈಯಲೂ ಇಲ್ಲ. ಆಗ ನಿಮ್ಮಮ್ಮ ಹೊಟ್ಟೇಲಿದ್ಲು. ಅವಳಿಗೋಸ್ಕರ ಹೆದರಿ ಹೇಳ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ಹೆದರೋಕೆ ಹೊತ್ತೇ ಇರಲಿಲ್ಲ. ದಿನಕ್ಕೆ ಮುನ್ನೂರು ಸಲ ಮೂಲೆ ಎತ್ತಿ ಯಾರದು ಅಂತಾರೆ, ಮುನ್ನೂರು ಸಲ ಕೂಗ್ತೀನಿ. ಬೆಂಕಿ ತಾಗಿದ್ರೆ ಕೈ ಹಿಂದಕ್ಕೆ ಬರಲ್ವಾ, ಹಾಗೆ ಬಾಯಿ ಮುಂದಕ್ಕೆ ಹೋಯ್ತು. ಕೂಗಿದ ಮೇಲೆ ಕೈಯಿಂದ ಬಾಯಿ ಮುಚ್ಕೊಂಡೆ. ಏನು ಉಪಯೋಗ?

"ಅವಳೂ ಹಾಗೇ. ಹೆಸರು ಕೂಗಿದ್ರೆ ಬಂದು ತನ್ನ ಬಟ್ಟೆ ತಗೊಂಡು ಹೋಗೋದು ಅಭ್ಯಾಸ. ತೊಟ್ಟಿಯಿಂದ ಕೈ ತೆಗೆದು, ಒರೆಸ್ಕೊಂಡು, ಬಂದ್ಲು. ಮೇಜಿನ ಹತ್ತಿರ ಬಂದ ಮೇಲೇನೇ ಅವಳಿಗೆ ಅದು ಯಾವ ಬಟ್ಟೆ ಅಂತ ಕಂಡದ್ದು.

"ಹನ್ನೊಂದು ತಿಂಗಳು. ಕೋಟು ಸುಟ್ಟರು. ದೂರದಿಂದಲೇ ಹೊಡೆದದ್ದು ಅಂತ ಜಡ್ಜಿ ಬರೆದ. ಅವಳು ವಾಪಸ್ ಬಂದಾಗ ತಲೆ ಬೋಳು. ಅವಳಿಗೆ ನಾನು ಆಡಿದ ಮೊದಲ ಮಾತು ಏನು ಗೊತ್ತಾ? 'ಗುರುತು ಬದಲಾಯಿಸ್ಲಾ?' ಅವಳು ನನ್ನನ್ನ ನೋಡಿ, 'ಬೇಡ, ಕೂದಲು ಬರುತ್ತೆ' ಅಂದ್ಲು. ಹೋಗಿ ತೊಟ್ಟಿ ಹತ್ತಿರ ನಿಂತ್ಕೊಂಡ್ಲು. ಮೇಸ್ತ್ರಿ ಕೆಲಸ ಕೊಟ್ಟ. ಅವಳಷ್ಟು ಬೆಳ್ಳಗೆ ಒಗೆಯೋರು ಬೇರೆ ಯಾರೂ ಇರಲಿಲ್ಲ.

"ಇಲ್ಲಿಂದ ನಿಜವಾದ ತಪ್ಪು. ಬರಿ, ಬರಿ. ಅವತ್ತಿಂದ ಅವಳ ಬಟ್ಟೆ ಮೇಜಿಗೆ ಬಂದಾಗ ನನ್ನ ಬಾಯಿ ಬರಲಿಲ್ಲ. ಯಾರದು ಅಂದ್ರೆ ಬೆರಳು ತೋರಿಸ್ತಿದ್ದೆ. ಒಂದಿನ ಅವಳೇ ಬಂದು ಕೇಳಿದ್ಲು, 'ನಂದು ಯಾಕೆ ಕೂಗಲ್ಲ? ಜೈಲಲ್ಲಿ ನಂಬರು ಹಿಡಿದು ಕರೀತಿದ್ರು. ಇಲ್ಲಿ ಎಲ್ಲಾರೂ ಕೋಟಿನವಳು ಅಂತಾರೆ. ನೀನಾದ್ರೂ ಕೂಗೇ.' ಆಗಲಿ ಅಂದೆ. ಮಾರನೇ ದಿನ ಮತ್ತೆ ಬೆರಳು ತೋರಿಸ್ದೆ. ಆರು ವರ್ಷ, ಗುಬ್ಬೀ. ಕೂದಲು ಸೊಂಟದ ತನಕ ಬಂದಿತ್ತು. ಎದೆ ಹಿಡ್ಕೊಂಡು ಹೋಗಿಬಿಟ್ಲು. ಬೇರೆಯೋರಿಗೆ ಹೆಸರು ಮರೆತೇ ಹೋಗಿತ್ತು. ನಾನು ಕೂಗಿದ್ರಲ್ವಾ ಅವರಿಗೆ ನೆನಪಿರೋದು?

"ಹೆಸರು ಬೇರೆ ಚೀಟೀಲಿ ಬರೆಸಿ ಒಳಗೆ ಇಡಿಸಿದೀನಿ. ಸಾಕ್ಷಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೀನಿ, ಯಾರು ಹಿಡಿದುಕೊಟ್ಟರು ಅನ್ನೋದನ್ನೂ ಸೇರಿಸಿಯೇ ಬರೆಸಿದೀನಿ. ಕಲ್ಲಿಗೆ ಅವಳ ಹೆಸರು ಹಾಕ್ಲಿ. ನಂದು ಬೇಡ. ನನ್ನ ಫೋಟೋ ಕೇಳಿದ್ರೆ ಮುದುಕಿ ಸತ್ತಳು ಅನ್ನು."

ಬರೆದು ಮುಗಿದ ಮೇಲೆ ನಾನು ಕೆಳಗೆ ಇಳಿದು ಹೋಗಿ ದರ್ಜಿ ಅಂಗಡಿಯ ಕಟ್ಟೆ ಮೇಲೆ ಕೂತೆ. ಸಾಯಂಕಾಲದ ತನಕ ಕೂತಿದ್ದೆ.

ನಿನ್ನ ಅಮ್ಮ


ಸೆಪ್ಟೆಂಬರ್ 2

ಅಮ್ಮನಿಗೆ, ಅಜ್ಜಿಗೆ,

ಕಾಗದ ಇಪ್ಪತ್ತಾರಕ್ಕೆ ಸಿಕ್ಕಿತು. ಇಪ್ಪತ್ತೇಳಕ್ಕೇ ಆಸ್ಪತ್ರೆಯ ಆಫೀಸಿಗೆ ಹೋದೆ. ಗುಮಾಸ್ತರು ಸಾಕ್ಷಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇವಳು ಯಾರ ಹೆಂಡತಿ?"

"ಯಾರ ಹೆಂಡತಿಯೂ ಅಲ್ಲ ಸಾರ್."

"ಯಾರ ಮಗಳು?"

"ಗೊತ್ತಿಲ್ಲ ಸಾರ್."

"ಜೈಲಿನ ಕಾಗದ ಇದೆಯಾ?"

"ಬಿಳಿಯರು ಹೋಗುವಾಗ ಜೈಲಿನ ಕಾಗದ ಎಲ್ಲಾ ಸುಟ್ಟು ಹೋದರು ಅಂತಾರೆ ಸಾರ್."

"ಏನಮ್ಮ, ಬಟ್ಟೆ ಒಗೆದೋರನ್ನೆಲ್ಲಾ ಕೆತ್ತಿಸ್ತಾ ಹೋದ್ರೆ ಕಲ್ಲು ಸಾಕಾಗುತ್ತಾ?"

ಒಗೆದದ್ದಕ್ಕಲ್ಲ, ಒಗೆಯದೆ ಇದ್ದದ್ದಕ್ಕೆ ಜೈಲಿಗೆ ಹೋದದ್ದು ಎಂದು ನಾನು ಹೇಳಬೇಕಿತ್ತು. ಈಗ ಬರೆಯುವಾಗ ಎಷ್ಟು ಸುಲಭವಾಗಿ ಬರುತ್ತಿದೆ ನೋಡು. ಆಗ ಬರಲಿಲ್ಲ. "ಹೆಸರೇನು, ಓದು" ಅಂದರು. ಓದಿದೆ. "ಕೇಳಿಸಲಿಲ್ಲ" ಅಂದರು. ಇನ್ನೊಂದು ಸಲ ಓದಿದೆ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಅಂದರು. ಗುಮಾಸ್ತರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಂಡರು.

ಪೆನ್ಸಿಲ್ ಯಾಕೆ ಅಂತಲೂ ನಾನು ಕೇಳಲಿಲ್ಲ.

ಅಜ್ಜಿ, ನಾನು ಬೇರೆ ಏನೂ ಬರೆಯುವುದಿಲ್ಲ. ನೀನು ಹೇಳಿದೆಯಲ್ಲ, ಅಷ್ಟು ಸಾಕು. ಮೇಜಿನ ಮೇಲೆ ಒಂದು ಕಡೆ ಸವೆದು ಹಳ್ಳವಾಗಿದೆ. ಅಲ್ಲೇ ನಾನೂ ಕೈ ಇಡುತ್ತೇನೆ.

ನಿಮ್ಮ,
ಗುಬ್ಬಿ


ಸೆಪ್ಟೆಂಬರ್ 14

ಗುಬ್ಬಿಗೆ,

ಎರಡೇ ಸಾಲು. ಇಪ್ಪತ್ತೇಳು ದಿನ ನಾನು ಅಜ್ಜಿಯ ಜೊತೆ ಸರಿಯಾಗಿ ಮಾತಾಡಲಿಲ್ಲ. ತಟ್ಟೆ ಇಡುವುದು, ತಟ್ಟೆ ತೆಗೆಯುವುದು, ಅಷ್ಟೇ. ಹೇಳಿದ್ದಕ್ಕೆ ಸಿಟ್ಟೋ, ಇಷ್ಟು ವರ್ಷ ನನಗೆ ಹೇಳದೆ ಇದ್ದದ್ದಕ್ಕೆ ಸಿಟ್ಟೋ ನನಗೇ ತಿಳಿಯಲಿಲ್ಲ. ನಿನ್ನೆ ಅವರೇ ಬೆನ್ನು ತಿರುಗಿಸಿ ಕೂತು, ಬಾಚಣಿಗೆಯನ್ನು ಹಿಂದಕ್ಕೆ ಚಾಚಿದರು. ನಾನು ತೆಗೆದುಕೊಂಡೆ. ತಲೆಯಲ್ಲಿ ಇನ್ನೇನು ಕೂದಲಿದೆ, ಒಂದು ಹಿಡಿ. ಅದನ್ನೇ ಅರ್ಧ ಗಂಟೆ ಬಾಚಿದೆ.

ಎರಡು ಸಾಲು ಅಂದೆ, ಇಷ್ಟಾಯಿತು.

ನಿನ್ನ ಅಮ್ಮ


ನವೆಂಬರ್ 10

ಅಮ್ಮನಿಗೆ, ಅಜ್ಜಿಗೆ,

ತಡವಾಗಿ ಬರೆಯುತ್ತಿದ್ದೇನೆ. ಕೆಟ್ಟ ಸುದ್ದಿ ಬರೆಯುವುದಕ್ಕೆ ಕೈ ಬರಲಿಲ್ಲ. ಈಗ ಅದರ ಜೊತೆ ಬೇರೆಯದೂ ಇದೆ.

ಕಲ್ಲು ನಿಲ್ಲಿಸಿದರು. ಭಾಷಣ ಆಯಿತು, ಹಾರ ಹಾಕಿದರು. ಕುರ್ಚಿಗೆ ಹೊದಿಸಿದ ಬಿಳಿ ಬಟ್ಟೆ ಎಲ್ಲಾ ನಮ್ಮ ಲಾಂಡ್ರಿಯದೇ. ಜನ ಹೋದ ಮೇಲೆ ನಾನು, ಬಾಯ್ಲರ್ ಅಕ್ಕ ಹೋಗಿ ಮೇಲಿಂದ ಕೆಳಗಿನ ತನಕ ಓದಿದೆವು. ಅವಳ ಹೆಸರು ಇಲ್ಲ. ಪೆನ್ಸಿಲಿನದನ್ನು ಕೆತ್ತುವವನು ನೋಡಲಿಲ್ಲವೋ, ಗುಮಾಸ್ತರೇ ಅಳಿಸಿದರೋ. ಬಾಯ್ಲರ್ ಅಕ್ಕ ಕಲ್ಲಿನ ಕೆಳಗಿನ ಖಾಲಿ ಜಾಗ ಸವರಿ, "ಜಾಗ ಇತ್ತಲ್ಲೇ" ಅಂದಳು. ಅಷ್ಟೇ ಅಂದದ್ದು. ಇಬ್ಬರೂ ಕೆಲಸಕ್ಕೆ ವಾಪಸ್ ಬಂದೆವು.

ಹತ್ತು ದಿನದ ಮೇಲೆ ಹೊಸ ವಾರ್ಡು ತೆರೆದರು. ಹೆಂಗಸರ ವಾರ್ಡು, ಮೂರೇ ತಿಂಗಳಲ್ಲಿ ಕಟ್ಟಿ ಮುಗಿಸಿದ್ದು. ನೂರಿಪ್ಪತ್ತು ಹೊಸ ಹಾಸುಬಟ್ಟೆ ಬಂತು. ಮೇಡಂ ಬಂದು, "ಸೊಳ್ಳೆ, ವಾರ್ಡಿಗೆ ಇನ್ನೂ ಹೆಸರಿಟ್ಟಿಲ್ಲ, ಏನಾದ್ರೂ ಒಂದು ಗುರುತು ಹಾಕಿಬಿಡು" ಅಂದರು.

ನಾನು ಮೂರು ಮಧ್ಯಾಹ್ನ ಕೂತು ನೂರಿಪ್ಪತ್ತು ಮೂಲೆಗೂ ಬಾಚಣಿಗೆ ಹೊಲಿದೆ. ಮೂರು ಹಲ್ಲಿನದು.

ಮೊದಲ ಸಲ ಒಗೆದು ಬಂದ ದಿನ ವಿಂಗಡಿಸುವವಳು ಒಂದನ್ನು ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. "ಇದ್ಯಾವುದೇ ಹೊಸದು? ಯಾರದು?" ಅಂದಳು.

ಅಜ್ಜಿ, ನನಗೆ ನಿನ್ನ ನೆನಪಾಗಲಿಲ್ಲ, ಅವಳ ನೆನಪಾಗಲಿಲ್ಲ. ಮೇಜಿನ ಹಳ್ಳದಲ್ಲಿ ಕೈ ಊರಿ ಅವಳ ಹೆಸರು ಕೂಗಿದೆ.

ಎಲ್ಲರೂ ತಿರುಗಿ ನೋಡಿದರು. ನನ್ನ ದನಿಗೆ ನಾನೇ ಬೆಚ್ಚಿದೆ.

"ಅಯ್ಯೋ, ಸೊಳ್ಳೆಗೆ ಗಂಟಲು ಬಂತು! ಯಾರೇ ಅವಳು?"

"ಹೊಸ ವಾರ್ಡು."

"ವಾರ್ಡಿಗೆ ಹೆಂಗಸಿನ ಹೆಸರಾ?"

"ಹೆಂಗಸರ ವಾರ್ಡು ತಾನೇ" ಅಂದೆ.

"ಸರಿ ಬಿಡು, ನಂಗೇನು" ಅಂತ ಎಸೆದು, ಮುಂದಿನದು ಎತ್ತಿದಳು. "ಯಾರದು?" ಮತ್ತೆ ಕೂಗಿದೆ. ಅವತ್ತು ನಲವತ್ತೊಂದು ಸಲ ಕೂಗಿದೆ. ಮಧ್ಯೆ ಬಾಯ್ಲರ್ ಅಕ್ಕ ಹಬೆ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು. "ಕೋಟಿನವಳಾ?" ಅಂತ ಕೇಳಿದಳು. ಹೂಂ ಅಂದೆ. ಆ ಹೆಸರನ್ನು ತಾನೂ ಒಂದು ಸಲ ಮೆಲ್ಲಗೆ ಹೇಳಿ ನೋಡಿ, ಹೋಗಿ ಆ ಕಲ್ಲಿನ ಮೇಲೆ ಕೂತಳು.

ಈಗ ಮೂರು ವಾರವಾಯಿತು. ಬಟ್ಟೆ ಗಾಡಿ ತಳ್ಳುವವರೂ ಆ ವಾರ್ಡಿಗೆ ಅದೇ ಹೆಸರು ಹೇಳುತ್ತಾರೆ. ನಿನ್ನೆ ನರ್ಸು ಫೋನು ಮಾಡಿ ಅವಳ ಹೆಸರು ಹೇಳಿ, ಅಲ್ಲಿಗೆ ಹನ್ನೆರಡು ಹಾಸುಬಟ್ಟೆ ಬೇಕು, ಬೇಗ ಅಂದಳು. ಯಾರೆಂದು ಅವಳಿಗೆ ಗೊತ್ತಿಲ್ಲ. ಕೇಳಿದರೆ ಹೇಳುತ್ತೇನೆ. ಕೇಳುವ ತನಕ ಕೂಗುತ್ತೇನೆ.

ಇಸ್ತ್ರಿಗೆ ಹೋಗುವುದಿಲ್ಲ ಅಂತ ಮೇಡಂಗೆ ಹೇಳಿದ್ದೇನೆ. ಕಾಲುನೋವು ಹಾಗೇ ಇದೆ. ಕೆಮ್ಮೂ ಇದೆ.

ನಿಮ್ಮ,
ಗುಬ್ಬಿ


ನವೆಂಬರ್ 21

ಗುಬ್ಬಿಗೆ,

ಕಾಗದ ಓದಿದೆ. ಅಜ್ಜಿ, "ಜೋರಾಗಿ ಕೂಗ್ತಾಳಂತಾ?" ಅಂತ ಒಂದೇ ಕೇಳಿದರು. ಹೂಂ, ಎಲ್ಲರೂ ತಿರುಗಿ ನೋಡಿದರಂತೆ ಅಂದೆ. ಗೋಡೆ ಕಡೆ ತಿರುಗಿ ಮಲಗಿದರು.

ಇವತ್ತು ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದೆ. ಅಜ್ಜಿ ಬಂದು ಎದುರಿಗೆ ನಿಂತರು. ಮಂಡಿನೋವು, ಕೂತುಕೋ ಅಂದರೆ ಕೂರಲಿಲ್ಲ.

"ಆ ದಿಂಬಿನ ಚೀಲ ಎತ್ತು. ಮೂಲೆ ಹಿಡಿ" ಅಂದರು.

ಹಿಡಿದೆ.

"ಕೇಳು."

ಏನು ಕೇಳಬೇಕು ಅಂತ ನನಗೆ ಗೊತ್ತಾಯಿತು. ಆದರೂ ಬಾಯಿಗೆ ಬರಲು ಹೊತ್ತು ಹಿಡಿಯಿತು. ನಮ್ಮ ಮನೆಯಲ್ಲಿ ನಾನು ಎರಡನೇ ಸಲ ಆ ಮಾತು ಆಡುತ್ತಿರುವುದು. "ಯಾರದು?" ಅಂದೆ.

ಅಜ್ಜಿ ಅವಳ ಹೆಸರು ಕೂಗಿದರು. ಆ ಮೂಳೆಗೂಡಿನಲ್ಲಿ ಅಷ್ಟು ದನಿ ಎಲ್ಲಿತ್ತೋ. ಕೆಳಗೆ ದರ್ಜಿಯ ಮಿಷನ್ನು ನಿಂತಿತು. ಅವನು ಅರ್ಧ ಮೆಟ್ಟಿಲು ಹತ್ತಿ ಬಂದು, "ಯಾರನ್ನ ಕರೆದ್ರಿ ಅಜ್ಜಮ್ಮ, ನನ್ನನ್ನಾ?" ಅಂದ.

"ನಿನ್ನನ್ನಲ್ಲಪ್ಪ" ಅಂದರು ಅಜ್ಜಿ. "ಹೋಗಿ ಹೊಲಿ."

ನಿನ್ನ ಅಮ್ಮ